ಸಿರ್ಹಾನ್ ಒಬ್ಬನೇ ಹೊಡೆದನೇ? ಆಷಾಢದಲ್ಲಿ ಕಲ್ಯಾಣ ಮಂಟಪ ಹಿಡಿದು ಗುಂಡು ಎಣಿಸಿದ ನನ್ನ ಅನುಭವ

ಎಂಟೋ ಹದಿಮೂರೋ, ಜಗಳ ಇಷ್ಟೇ. ಅಮೆರಿಕದ ಸೆನೆಟರ್, ಅಧ್ಯಕ್ಷ ಜಾನ್ ಕೆನಡಿಯ ತಮ್ಮ ರಾಬರ್ಟ್ ಕೆನಡಿಗೆ ಗುಂಡು ಬಿದ್ದ ರಾತ್ರಿ, ಆ ಗುಂಡಿನ ಸದ್ದು ಹಿಡಿದದ್ದು ಅಂತ ಗೊತ್ತಿರುವ ಒಂದೇ ಒಂದು ಟೇಪಿನಲ್ಲಿ ಎಷ್ಟು ಗುಂಡಿನ ಸದ್ದು ಇದೆ ಅನ್ನುವುದು. ಆ ಕೊಲೆಗೆ ಶಿಕ್ಷೆಯಾದ ಸಿರ್ಹಾನ್ ಸಿರ್ಹಾನ್ ಕೈಯಲ್ಲಿದ್ದದ್ದು ಐವರ್ ಜಾನ್ಸನ್ ಕಂಪನಿಯ ಪಾಯಿಂಟ್ ಟೂ ಟೂ (ಸಣ್ಣ ಗುಂಡಿನ) ರಿವಾಲ್ವರ್. ಅದರಲ್ಲಿ ಹಿಡಿಯುವುದು ಎಂಟೇ ಗುಂಡು. ಮತ್ತೆ ತುಂಬಿಸಲು ಅವನಿಗೆ ಯಾರೂ ಬಿಡಲಿಲ್ಲ, ಜನ ಮೇಲೆ ಬಿದ್ದು ಹಿಡಿದರು. ಹಾಗಾಗಿ ಒಂಬತ್ತನೆಯ ಸದ್ದು ಒಂದು ಖಚಿತವಾಗಿ ಸಿಕ್ಕರೂ ಸಾಕು, ಅಲ್ಲಿ ಇನ್ನೊಂದು ಬಂದೂಕು ಇತ್ತು ಅಂತ ಅರ್ಥ.

ನಾನು ಸಿನಿಮಾ, ಸೀರಿಯಲ್ಲುಗಳಿಗೆ ಲೊಕೇಶನ್ ಸೌಂಡ್ ಮಾಡುವವನು. ಈ ಕೆಲಸಕ್ಕೆ ಕೈ ಹಾಕಿದಾಗ ಎರಡೂ ಕಡೆಯವರು ಆಗಲ್ಲ ಅಂದರು. ಡಬ್ಬಿಂಗ್ ಸ್ಟುಡಿಯೋದ ಗೆಳೆಯ, "ಹದಿಮೂರು ಅಂತ ಅಮೆರಿಕದವನೇ ಲೆಕ್ಕ ಹಾಕಿ ಕೊಟ್ಟಾಗಿದೆ ಗುರು, ನೀನೇನು ಹೊಸದಾಗಿ ಎಣಿಸ್ತೀಯಾ?" ಅಂದ. ಕೋರ್ಟು ಕಚೇರಿಗಳಿಗೆ ಆಡಿಯೋ ನೋಡಿಕೊಡುವ ಹಿರಿಯರೊಬ್ಬರು, "ಅಂಥ ಕಳಪೆ ಟೇಪಿನಿಂದ ಎಂಟೂ ಹೇಳೋಕಾಗಲ್ಲ, ಹದಿಮೂರೂ ಹೇಳೋಕಾಗಲ್ಲ, ಸುಮ್ನೆ ದುಡ್ಡು ಕಳೀಬೇಡಿ" ಅಂದರು. ದುಡ್ಡು ಹೋದದ್ದು ನಿಜ. ಆದರೆ ವಿಧಾನ ಕೊನೆಗೂ ನಿಂತಿತು. ಅದಕ್ಕೇ ಬರೆಯುತ್ತಿದ್ದೇನೆ. ಓದುವವರು ಕಸುಬಿನವರೇ ಅಂದುಕೊಂಡಿದ್ದೇನೆ, ಸ್ಪೆಕ್ಟ್ರೋಗ್ರಾಂ, ಇಂಪಲ್ಸ್ ಎಲ್ಲ ಬಿಡಿಸಿ ಹೇಳುವುದಿಲ್ಲ.

ಮೊದಲು ಪ್ರಕರಣ, ಬೇಗ ಮುಗಿಸುತ್ತೇನೆ. 1968ರ ಜೂನ್ 5, ಲಾಸ್ ಏಂಜಲೀಸ್‌ನ ಅಂಬಾಸಡರ್ ಹೋಟೆಲ್. ಕ್ಯಾಲಿಫೋರ್ನಿಯಾದ ಪ್ರೈಮರಿ, ಅಂದರೆ ಅಧ್ಯಕ್ಷ ಸ್ಥಾನಕ್ಕೆ ಪಕ್ಷದ ಅಭ್ಯರ್ಥಿಯನ್ನು ಆರಿಸುವ ಚುನಾವಣೆ ಗೆದ್ದ ಕೆನಡಿ ಬಾಲ್‌ರೂಮಿನಲ್ಲಿ ಭಾಷಣ ಮುಗಿಸಿ, ಮಧ್ಯರಾತ್ರಿ ಕಳೆದು ಸ್ವಲ್ಪ ಹೊತ್ತಿಗೆ, ಅಡುಗೆ ಸಾಮಾನು ಇಡುವ ಪ್ಯಾಂಟ್ರಿಯ ಮೂಲಕ ಹೊರಟಿದ್ದ. ಅಲ್ಲಿ ಗುಂಡು ಹಾರಿತು. ಕೆನಡಿ ಮರುದಿನ ತೀರಿಕೊಂಡ. ಇನ್ನೂ ಐವರಿಗೆ ಗಾಯವಾಯಿತು. ಸಿರ್ಹಾನ್ ಸ್ಥಳದಲ್ಲೇ ಸಿಕ್ಕಿಬಿದ್ದ. 1969ರ ಏಪ್ರಿಲ್‌ನಲ್ಲಿ ಅವನು ಅಪರಾಧಿ ಅಂತ ತೀರ್ಪು ಬಂತು, ಮರಣದಂಡನೆ ಆಯಿತು. 1972ರಲ್ಲಿ ಅದು ಜೀವಾವಧಿಯಾಯಿತು. ಅವನು ಗುಂಡು ಹಾರಿಸಿದ್ದರಲ್ಲಿ ಯಾರಿಗೂ ಅನುಮಾನ ಇಲ್ಲ. ಅನುಮಾನ ಇರುವುದು ಅವನೊಬ್ಬನೇನಾ ಅನ್ನುವುದರಲ್ಲಿ.

ಅನುಮಾನ ಸುಮ್ಮಸುಮ್ಮನೆ ಹುಟ್ಟಿದ್ದಲ್ಲ. ಶವಪರೀಕ್ಷೆ ಮಾಡಿದ ಡಾ. ಥಾಮಸ್ ನೊಗುಚಿ, ಪ್ರಾಣ ತೆಗೆದ ಗುಂಡು ಬಲ ಕಿವಿಯ ಹಿಂದಿನಿಂದ, ಹೆಚ್ಚೂಕಡಿಮೆ ಒಂದು ಇಂಚು ದೂರದಿಂದ ಬಂದದ್ದು ಅಂದರು. ಹತ್ತಿರ ಇದ್ದವರು ಸಿರ್ಹಾನ್ ಮುಂದೆ ಇದ್ದ, ಅಡಿಗಳಷ್ಟು ದೂರ ಇದ್ದ ಅಂದರು. ಪೊಲೀಸರ ಲೆಕ್ಕದಲ್ಲಿ ಏಳು ಗುಂಡು ಮೈಗಳಲ್ಲಿ ಸಿಕ್ಕವು, ಒಂದು ಚಾವಣಿಯ ಸಂದಿಯಲ್ಲಿ ಹೋಯಿತು. ಅಲ್ಲಿಗೆ ಎಂಟು. ಬಾಗಿಲ ಚೌಕಟ್ಟಿನಲ್ಲಿ ಕಂಡ ಒಂದು ತೂತಾದರೂ ನಿಜವಾದ ಗುಂಡಿನದಾಗಿದ್ದರೆ ಲೆಕ್ಕ ಕೆಡುತ್ತಿತ್ತು. ಆ ಚೌಕಟ್ಟನ್ನೂ ಚಾವಣಿಯ ಹಲಗೆಗಳನ್ನೂ 1969ರಲ್ಲಿ ನಾಶ ಮಾಡಿಬಿಟ್ಟರು. ಇದನ್ನು ಓದಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ. ಒಂದು ಗೋದಾಮಿನ ಮೂಲೆಯಲ್ಲಿ ಇಟ್ಟಿದ್ದರೆ ಐವತ್ತು ವರ್ಷದ ಜಗಳ ಒಂದು ಮಧ್ಯಾಹ್ನದಲ್ಲಿ ಮುಗಿಯುತ್ತಿತ್ತು.

1975ರಲ್ಲಿ ಏಳು ಜನ ಬಂದೂಕು ತಜ್ಞರು ಗುಂಡುಗಳನ್ನು ಮತ್ತೆ ನೋಡಿದರು. ಎರಡನೇ ಬಂದೂಕಿಗೆ ಪುರಾವೆ ಇಲ್ಲ ಅಂದರು. ಆದರೆ ಆ ಗುಂಡುಗಳು ಸಿರ್ಹಾನನ ರಿವಾಲ್ವರಿನವೇ ಅಂತ ಗಟ್ಟಿಯಾಗಿ ಹೇಳಲೂ ಅವರಿಂದ ಆಗಲಿಲ್ಲ. ಹೀಗೆ ಕಣ್ಣಿಗೆ ಕಾಣುವ ಪುರಾವೆ ಎಲ್ಲ ಅರ್ಧಂಬರ್ಧ. ಉಳಿದದ್ದು ಕಿವಿ.

ಸ್ಟಾನಿಸ್ಲಾವ್ ಪ್ರುಶಿನ್‌ಸ್ಕಿ ಎಂಬ ಪತ್ರಕರ್ತ ಆ ರಾತ್ರಿ ಬಾಲ್‌ರೂಮಿನಲ್ಲಿ ಇದ್ದ. ಭಾಷಣ ಮುಗಿದ ಮೇಲೂ ಅವನ ಟೇಪ್ ರೆಕಾರ್ಡರ್ ಓಡುತ್ತಲೇ ಇತ್ತು, ಅದು ಅವನಿಗೇ ಗೊತ್ತಿರಲಿಲ್ಲ. ಪ್ಯಾಂಟ್ರಿಯಿಂದ ಸುಮಾರು 40 ಅಡಿ ದೂರದಲ್ಲಿ ಮೈಕು ಇತ್ತು ಅಂತ ಲೆಕ್ಕ. ಆ ಟೇಪು ಕ್ಯಾಲಿಫೋರ್ನಿಯಾದ ದಾಖಲೆ ಸಂಗ್ರಹದಲ್ಲಿ ಎಷ್ಟೋ ವರ್ಷ ಯಾರ ಗಮನಕ್ಕೂ ಬಾರದೆ ಕೂತಿತ್ತು. ಆಮೇಲೆ ಫಿಲಿಪ್ ವ್ಯಾನ್ ಪ್ರಾಗ್ ಎಂಬ ಆಡಿಯೋ ಎಂಜಿನಿಯರ್ ಅದನ್ನು ಪರೀಕ್ಷಿಸಿ, ಐದು ಸೆಕೆಂಡಿನ ಆಸುಪಾಸಿನಲ್ಲಿ ಹದಿಮೂರು ಗುಂಡು ಅಂದ. ಎರಡು ಕಡೆ ಜೋಡಿ ಸದ್ದು ಇದೆ, ಒಂದರ ನಡುವೆ ಸುಮಾರು 120 ಮಿಲಿಸೆಕೆಂಡ್, ಇನ್ನೊಂದರ ನಡುವೆ ಸುಮಾರು 150, ಆ ರಿವಾಲ್ವರನ್ನು ಪಳಗಿದ ಕೈ ಹೊಡೆದರೂ ಮುನ್ನೂರೈವತ್ತು ಚಿಲ್ಲರೆ ಬೇಕು, ಹಾಗಾಗಿ ಎರಡು ಬಂದೂಕು ಅಂತ ವಾದ. ಅದೇ ಟೇಪನ್ನು ನೋಡಿದ ಇಂಗ್ಲೆಂಡಿನ ಫಿಲಿಪ್ ಹ್ಯಾರಿಸನ್ ಎಂಟಕ್ಕಿಂತ ಜಾಸ್ತಿ ಇಲ್ಲ ಅಂದ. ಇಬ್ಬರೂ ಕಸುಬು ಗೊತ್ತಿರುವವರು. ಟೇಪು ಒಂದೇ. ಉತ್ತರ ಐದು ಗುಂಡಿನಷ್ಟು ದೂರ.

ನನ್ನ ತಲೆ ಕೆಡಿಸಿದ್ದು ಇದು. ಉತ್ತರ ಗೊತ್ತಿರುವ ಟೇಪಿನ ಮೇಲೆ ಎಣಿಕೆಗಾರನನ್ನು ಪರೀಕ್ಷೆ ಮಾಡದೆ, ಉತ್ತರ ಗೊತ್ತಿಲ್ಲದ ಟೇಪಿನ ಎಣಿಕೆ ನಂಬುವುದು ಹೇಗೆ? ಹಾಗಾಗಿ ನಾನು ಮೊದಲು ಕಳಪೆ ಟೇಪುಗಳನ್ನು ತಯಾರಿಸಲು ಹೊರಟೆ.

ಪಟಾಕಿಯಿಂದ ಶುರು ಮಾಡಿದೆ. ಆ ರಾತ್ರಿ ಎಷ್ಟೋ ಜನಕ್ಕೆ ಅದು ಪಟಾಕಿ ಅಥವಾ ಬಲೂನು ಒಡೆದ ಸದ್ದು ಅಂತಲೇ ಅನ್ನಿಸಿತ್ತು, ಪಾಯಿಂಟ್ ಟೂ ಟೂ ಸದ್ದು ಹಾಗೇ ಇರುತ್ತದೆ. ಅತ್ತಿಬೆಲೆಗೆ ಹೋಗಿ ಎರಡು ಮೂರು ಸಾವಿರದ ಪಟಾಕಿ ತಂದು, ಹೊಸಕೋಟೆ ಆಚೆ ಗೆಳೆಯನ ಖಾಲಿ ಹೊಲದಲ್ಲಿ ಹೊಡೆದೆವು. ಎಲ್ಲ ದಂಡ. ಬಯಲಿನಲ್ಲಿ ಪ್ರತಿಧ್ವನಿಯೇ ಇಲ್ಲ, ಮಗು ಕೂಡ ಎಣಿಸಬಹುದು. ಮೇಲಾಗಿ ಒಂದೊಂದು ಪಟಾಕಿ ಒಂದೊಂದು ಥರ. ಸಿಡಿಯುವ ಹೊತ್ತೂ ನಮ್ಮ ಕೈಯಲ್ಲಿಲ್ಲ.

ನಿಜವಾದ ಪಾಯಿಂಟ್ ಟೂ ಟೂ ಬೇಕಿತ್ತು. ಬೆಂಗಳೂರಿನಲ್ಲಿ ಅದರ ಹತ್ತಿರ ಮೈಕು ಇಡಲು ಯಾರು ಬಿಡುತ್ತಾರೆ? ಕೊಡಗಿನವರು ಬಿಟ್ಟರು. ಆಯುಧ ಪೂಜೆಯ ಹಬ್ಬ ಕೈಲ್ ಮುಹೂರ್ತದ ಹೊತ್ತಿಗೆ ಅಲ್ಲಿ ಊರೂರಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ಇರುತ್ತದೆ, ಪಾಯಿಂಟ್ ಟೂ ಟೂ ವಿಭಾಗವೇ ಬೇರೆ ಇರುತ್ತದೆ. ನನ್ನ ಜೊತೆ ಕೆಲಸ ಮಾಡುವ ಕ್ಯಾಮೆರಾ ಅಸಿಸ್ಟೆಂಟಿನ ಊರು ಗೋಣಿಕೊಪ್ಪದ ಹತ್ತಿರ. ಅವನ ಚಿಕ್ಕಪ್ಪ, "ಮೈಕಲ್ಲ, ನೀವೇ ಬೇಕಾದರೂ ಬಂದು ಕೂರಿ" ಅಂದರು. ಬೆಳಿಗ್ಗೆಯಿಂದ ಸಂಜೆಯವರೆಗೆ ಕೂತು ನೂರಾರು ಒಂಟಿ ಗುಂಡಿನ ಸದ್ದು ಹಿಡಿದೆ. ಹತ್ತಿರದಿಂದ ಒಂದು ಮೈಕು, ಮೂವತ್ತು ನಲವತ್ತು ಅಡಿಯಿಂದ ಒಂದು, ಮರದ ಮರೆಯಿಂದ ಒಂದು. ಹೋಗಿ ಬರಲು, ಊಟ ತಿಂಡಿಗೆ ಆರು ಸಾವಿರ ಆಗಿರಬೇಕು. ಇಡೀ ಕೆಲಸದಲ್ಲಿ ಅತ್ಯಂತ ಸಂತೋಷ ಕೊಟ್ಟ ದಿನ ಅದು.

ಆದರೂ ಅದರಿಂದ ನೇರ ಉಪಯೋಗ ಆಗಲಿಲ್ಲ. ರೈಫಲ್ಲಿನ ಉದ್ದ ನಳಿಗೆಯ ಸದ್ದಿಗೂ ಎರಡು ಮೂರು ಇಂಚಿನ ರಿವಾಲ್ವರಿನ ಸದ್ದಿಗೂ ವ್ಯತ್ಯಾಸ ಇದೆ. ಮತ್ತೆ ಅದೂ ಬಯಲೇ. ಆ ಸದ್ದುಗಳನ್ನು ಕಂಪ್ಯೂಟರಿನಲ್ಲಿ ಜೋಡಿಸಿ, ಕೃತಕ ರಿವರ್ಬ್, ಅಂದರೆ ಸದ್ದಿನ ಹಿಂದೆ ಉಳಿಯುವ ಕೋಣೆಯ ಪ್ರತಿಧ್ವನಿಯ ಬಾಲ ಹಾಕಿ, ಮೇಲೆ ಗಲಾಟೆ ಮಿಕ್ಸ್ ಮಾಡಿ ನೋಡಿದೆ. ವಾರಗಟ್ಟಲೆ ಕೂತೆ. ಸಾಫ್ಟ್‌ವೇರಿನ ರಿವರ್ಬ್ ತುಂಬಾ ನಯ. ಪ್ರತಿ ಸಲ ಬಾಲ ಒಂದೇ ಥರ ಬರುತ್ತದೆ, ಬಾಗಿಲು ತೆರೆದುಕೊಳ್ಳುವುದಿಲ್ಲ, ಜನ ಅಡ್ಡ ಬರುವುದಿಲ್ಲ. ನನ್ನ ವಿಧಾನ ಅದರ ಮೇಲೆ ನೂರಕ್ಕೆ ನೂರು ಪಾಸು. ಆ ಪಾಸಿಗೆ ಬೆಲೆಯೇ ಇಲ್ಲ ಅಂತ ನೋಡಿದ ಕೂಡಲೇ ಗೊತ್ತಾಯಿತು.

ಬೇಕಾದದ್ದು ನಿಜವಾದ ಅಡುಗೆಮನೆ. ಸ್ಟೀಲ್ ಮೇಜು, ಗಟ್ಟಿ ಗೋಡೆ, ತಗ್ಗು ಚಾವಣಿ, ಪಕ್ಕದಲ್ಲೇ ದೊಡ್ಡ ಹಾಲು. ಅಂಬಾಸಡರ್ ಹೋಟೆಲನ್ನೇ ಕೆಡವಿದ್ದಾರೆ, ಈಗ ಅಲ್ಲಿ ಕೆನಡಿಯ ಹೆಸರಿನ ಶಾಲೆಗಳಿವೆ. ನಮ್ಮಲ್ಲಿ ಇಂಥ ಜಾಗ ಯಾವುದು ಅಂತ ಯೋಚಿಸಿದರೆ ಉತ್ತರ ಕಣ್ಣೆದುರೇ ಇತ್ತು, ಕಲ್ಯಾಣ ಮಂಟಪ. ಸೀಸನ್ನಿನಲ್ಲಿ ಹತ್ತಿರ ಹೋಗೋಕಾಗಲ್ಲ. ಆಷಾಢದಲ್ಲಿ ಖಾಲಿ. ವಿಜಯನಗರದ ಕಡೆ ಒಂದು ಹಳೇ ಮಂಟಪದವರು ದಿನಕ್ಕೆ ಒಂಬತ್ತು ಹತ್ತು ಸಾವಿರಕ್ಕೆ ಒಪ್ಪಿದರು. ಮ್ಯಾನೇಜರ್ ಒಂದೇ ಮಾತು ಹೇಳಿದರು, "ಸಾರ್, ಒಳಗೆ ಬೆಂಕಿ ಪಟಾಕಿ ಏನೂ ಬೇಡ, ಉಳಿದದ್ದು ನಿಮ್ಮಿಷ್ಟ."

ಅಲ್ಲಿಗೆ ಹೊಂದಿದ್ದು ಓಟದ ಸ್ಪರ್ಧೆಯ ಸ್ಟಾರ್ಟರ್ ಪಿಸ್ತೂಲ್. ಪರಿಚಯದ ಪಿ.ಟಿ. ಮೇಷ್ಟ್ರು ಇಬ್ಬರು ತಮ್ಮ ತಮ್ಮ ಶಾಲೆಯದನ್ನು ತಂದರು, ಕ್ಯಾಪಿನ ದುಡ್ಡು ನನ್ನದು. ಗಲಾಟೆಗೆ ಹವ್ಯಾಸಿ ನಾಟಕ ತಂಡದ ಹುಡುಗ ಹುಡುಗಿಯರು, ಇಪ್ಪತ್ತು ಜನ ಇದ್ದಿರಬಹುದು. ಅವರಿಗೆ ಊಟ, ಆಟೋ ಖರ್ಚು ಸೇರಿ ಐದಾರು ಸಾವಿರ. ರೆಕಾರ್ಡರ್ ಸಂಡೇ ಬಜಾರಿನಲ್ಲಿ ಹುಡುಕಿದ ಹಳೇ ಫಿಲಿಪ್ಸ್ ಮೋನೋ. ಸಾವಿರದೈನೂರಕ್ಕೆ ಸಿಕ್ಕಿತು, ಬೆಲ್ಟು ಬದಲಿಸಿ ಹೆಡ್ಡು ಸರಿ ಮಾಡಿಸಲು ಅದಕ್ಕಿಂತ ಜಾಸ್ತಿ ಹೋಯಿತು. ಜೊತೆಗೆ ನನ್ನ ಮಾಮೂಲಿ ಡಿಜಿಟಲ್ ರೆಕಾರ್ಡರನ್ನು ಅಡುಗೆಮನೆ ಒಳಗೆ ಸಾಕ್ಷಿಗೆ ಇಟ್ಟೆ, ಅಸಲಿ ಎಣಿಕೆ ಅದರಲ್ಲಿ ಇರುತ್ತದೆ.

ಲೆಕ್ಕ ಇಟ್ಟವಳು ಅಕ್ಕ. ಅವಳು ನಿವೃತ್ತ ಗಣಿತ ಟೀಚರ್, ಈ ವಿಷಯದಲ್ಲಿ ನನ್ನನ್ನೂ ನಂಬುವವಳಲ್ಲ. ಎಷ್ಟು ಗುಂಡು, ಯಾವ ಅಂತರ, ಒಂದು ಪಿಸ್ತೂಲೋ ಎರಡೋ ಎಲ್ಲ ಚೀಟಿ ಎತ್ತಿ ನಿರ್ಧಾರ. ಮೇಷ್ಟ್ರಿಗೆ ಮಾತ್ರ ಕಿವಿಯಲ್ಲಿ ಹೇಳುತ್ತಿದ್ದಳು. ನಾನು ಹೊರಗೆ ರಸ್ತೆಯಲ್ಲಿ ನಿಲ್ಲಬೇಕು. ಆ ಚೀಟಿಗಳನ್ನು ಹಾಕಿ ಮುಚ್ಚಿದ ಲಕೋಟೆಗಳು ಅವಳ ಬೀರುವಿನಲ್ಲಿ. ಸಾಕ್ಷಿ ರೆಕಾರ್ಡರಿನ ಕಾರ್ಡೂ ಅಲ್ಲೇ.

ಮೊದಲ ಸುತ್ತು ಮೈಕನ್ನೂ ಅಡುಗೆಮನೆಯಲ್ಲೇ ಇಟ್ಟು ಹಿಡಿದೆವು. ಸುಲಭವಾಗಿ ಎಣಿಸಿದೆ. ಆಮೇಲೆ ರೆಕಾರ್ಡರನ್ನು ಒಬ್ಬ ಹುಡುಗನ ಹೆಗಲಿಗೆ ಹಾಕಿ, ಹಾಲಿನಲ್ಲಿ ನಲವತ್ತು ಅಡಿ ಆಚೆಯಿಂದ ಬಾಗಿಲ ಕಡೆ ನಡೆಯಲು ಹೇಳಿದೆವು. ಎಲ್ಲ ತಲೆಕೆಳಗಾಯಿತು. ಎಂಟು ಹೊಡೆದ ಕ್ಲಿಪ್ಪನ್ನು ಕಸುಬಿನ ಗೆಳೆಯರು ಹತ್ತು ಹನ್ನೆರಡು ಜನಕ್ಕೆ ಕಿವಿಯಲ್ಲೇ ಎಣಿಸಲು ಕೊಟ್ಟೆ. ಆರು ಅಂದವರಿದ್ದರು, ಹದಿಮೂರು ಹದಿನಾಲ್ಕು ಅಂದವರೂ ಇದ್ದರು. ಹದಿಮೂರು ಅಂದವರಲ್ಲಿ ಒಬ್ಬ, ನನ್ನನ್ನು ಮೊದಲು ಪ್ರಶ್ನಿಸಿದ ಡಬ್ಬಿಂಗ್ ಸ್ಟುಡಿಯೋದ ಗೆಳೆಯ. ವೇವ್‌ಫಾರಂ, ಅಂದರೆ ಪರದೆಯ ಮೇಲೆ ಸದ್ದಿನ ಏರಿಳಿತದ ಗೆರೆ ನೋಡಿ ಮೊನಚು ಎಣಿಸಿದವರ ಕಥೆ ಇನ್ನೂ ಕೆಟ್ಟದು, ಅವರೆಲ್ಲ ಜಾಸ್ತಿಯೇ ಎಣಿಸಿದರು. ಸೌಟು ಬಿದ್ದದ್ದು, ಕುರ್ಚಿ ಉರುಳಿದ್ದು, ಮೈಕಿಗೆ ಬೆರಳು ತಾಗಿದ್ದು, ಎಲ್ಲ ಗುಂಡಾಗಿತ್ತು.

ಇನ್ನೊಂದು ಕಂಡಿತು. ಈ ಬರಹದಲ್ಲಿ ನನಗೆ ಹೆಮ್ಮೆ ಇರುವುದು ಇದರ ಬಗ್ಗೆ. ಅಡುಗೆಮನೆಯ ಒಳಗಿನ ಪ್ರತಿಧ್ವನಿ ಕೆಲವೇ ಮಿಲಿಸೆಕೆಂಡಿನದು, ಅದು ಸದ್ದಿಗೇ ಅಂಟಿಕೊಂಡಿರುತ್ತದೆ. ಆದರೆ ಸದ್ದು ಬಾಗಿಲಿನಿಂದ ಹಾಲಿಗೆ ಬಂದು, ಹಾಲಿನ ಹಿಂಗೋಡೆಗೆ ಬಡಿದು, ಮೈಕಿಗೆ ತಿರುಗಿ ಬರುವಾಗ ಅದು ಬೇರೆಯದೇ ಗುಂಡಿನಂತೆ ಕೇಳುತ್ತದೆ. ಮೈಕಿನಿಂದ ಹಿಂಗೋಡೆ ಇಪ್ಪತ್ತು ಚಿಲ್ಲರೆ ಮೀಟರ್. ಹೋಗಿ ಬರುವ ದೂರ ನಲವತ್ತು ಚಿಲ್ಲರೆ. ಸದ್ದು ಸೆಕೆಂಡಿಗೆ 345 ಮೀಟರ್ ಹೋಗುತ್ತದೆ. ಭಾಗಿಸಿ ನೋಡಿ. ನಮ್ಮ ಕ್ಲಿಪ್ಪುಗಳಲ್ಲಿ 120ರಿಂದ 140ರ ನಡುವೆ ಸುಳ್ಳು ಜೋಡಿಗಳು ಬಂದವು. ಹುಡುಗ ಬಾಗಿಲ ಕಡೆ ನಡೆದಂತೆ ಅಂತರ ಹಿಗ್ಗುತ್ತಲೂ ಹೋಯಿತು, ನೇರ ದಾರಿ ಕಡಿಮೆಯಾಗಿ ಹಿಂಗೋಡೆಯ ದಾರಿ ಜಾಸ್ತಿಯಾಗುತ್ತದಲ್ಲ. ಒಂದೇ ಪಿಸ್ತೂಲು, ಆದರೆ ಟೇಪಿನಲ್ಲಿ ಎರಡು ಕೈ.

ಇದಕ್ಕೆ ಬರುವ ಪ್ರಶ್ನೆ ಗೊತ್ತು. ಪ್ರತಿಧ್ವನಿ ಆಗಿದ್ದರೆ ಪ್ರತಿ ಗುಂಡಿನ ಹಿಂದೆಯೂ ಬರಬೇಕಲ್ವಾ? ಬರಬೇಕು. ನಮ್ಮಲ್ಲೂ ಬರಲಿಲ್ಲ. ಹೆಚ್ಚೆಂದರೆ ಅರ್ಧಕ್ಕೆ ಬಂತು. ಬಾಗಿಲಲ್ಲಿ ಜನ ಅಡ್ಡ ನಿಂತಾಗ ಹಾಲಿಗೆ ಸದ್ದೇ ಬರುವುದಿಲ್ಲ. ಯಾರೋ ಕಿರುಚಿದರೆ ಮುಚ್ಚಿಹೋಗುತ್ತದೆ. ಅಂಬಾಸಡರ್‌ನ ಆ ಎರಡು ಜೋಡಿಗಳೂ ಹಿಂಗೋಡೆಯ ಸದ್ದೇ ಅಂತ ನಾನು ಹೇಳುತ್ತಿಲ್ಲ. 120ಕ್ಕೂ 150ಕ್ಕೂ ಇರುವ ವ್ಯತ್ಯಾಸ ತರಲು ಪ್ರುಶಿನ್‌ಸ್ಕಿ ಆ ನಡುವೆ ನಾಲ್ಕೈದು ಮೀಟರ್ ನಡೆದಿರಬೇಕು, ಅದು ಆ ಹೊತ್ತಿಗೆ ಸ್ವಲ್ಪ ಜಾಸ್ತಿಯೇ. ನಾನು ಹೇಳುವುದು, ಬರೀ ಅಂತರ ಅಳೆದು ಎರಡು ಬಂದೂಕು ಅನ್ನಲು ಬರುವುದಿಲ್ಲ.

ನಡುವೆ ಒಂದು ಉಪಕಥೆ. ಇಂಟರ್‌ನೆಟ್ಟಿನಲ್ಲಿ ಓಡಾಡುವ ಪ್ರತಿಗಳೆಲ್ಲ ಹೆಚ್ಚಾಗಿ ಎಂಪಿತ್ರೀ, ಅಂದರೆ ಒತ್ತಿ ಕಿರಿದು ಮಾಡಿದ ಫೈಲು. ನಮ್ಮದೇ ಕ್ಲಿಪ್ಪನ್ನು 128 ಕೆಬಿಪಿಎಸ್‌ನಲ್ಲಿ ಒತ್ತಿ ನೋಡಿದೆ. ಗುಂಡಿನ ಸದ್ದಿಗೆ ಮೊದಲೇ ಒಂದು ಮಸುಕು ಸದ್ದು ಹುಟ್ಟುತ್ತದೆ, ಪ್ರೀ-ಎಕೋ. ಮೇಲೆ ಮತ್ತೆ ಒತ್ತಿದರೆ ಇನ್ನೂ ಹೆಚ್ಚು. ಅದನ್ನೂ ಗುಂಡಿನ ಲೆಕ್ಕಕ್ಕೆ ಹಿಡಿದವರನ್ನು ನೋಡಿದ್ದೇನೆ. ಎಂಪಿತ್ರೀ ಇಟ್ಟುಕೊಂಡು ಕೊಲೆ ಕೇಸು ಬಿಡಿಸಬೇಡಿ. ಇನ್ನೊಂದು ಪ್ರಯೋಗ ಬಲೂನು. ಬಲೂನು ಅಗ್ಗ, ರೂಮಿನ ಬಾಲ ಹಿಡಿಯಲು ಒಳ್ಳೆಯದು, ಆದರೆ ಒಂದು ಕಡೆಗೆ ಜಾಸ್ತಿ ಒಡೆಯುತ್ತದೆ. ಅದನ್ನು ಗುಂಡಿನ ಬದಲಿಗೆ ಬಳಸಿದರೆ ಬಾಲ ಹೊಂದುವುದಿಲ್ಲ. ಹಳೇ ಫಿಲಿಪ್ಸಿನ ಆಟೋ ಲೆವೆಲ್, ಅಂದರೆ ಸದ್ದಿನ ಮಟ್ಟ ತಾನೇ ಹೊಂದಿಸಿಕೊಳ್ಳುವ ವ್ಯವಸ್ಥೆ ಕೂಡ ಚೆನ್ನಾಗಿ ಆಟ ಆಡಿತು. ಪ್ರತಿ ಢಂ ಆದ ಮೇಲೆ ಹಿನ್ನೆಲೆಯ ಗಲಾಟೆ ಕುಸಿದು ನಿಧಾನವಾಗಿ ಮೇಲೆ ಬರುತ್ತದೆ. ಆ ಕುಸಿತ ನೋಡಿಯೇ ಎಣಿಸಬಹುದು ಅಂತ ಒಂದಷ್ಟು ದಿನ ಹಾರಾಡಿದೆ, ನಮ್ಮ ಕ್ಲಿಪ್ಪಿನಲ್ಲಿ ಅದು ಕೆಲಸವನ್ನೂ ಮಾಡಿತು. ಅಸಲಿ ಟೇಪಿಗೆ ಹಚ್ಚಲಿಲ್ಲ. ಅದು ಬೇರೆ ಯಂತ್ರ, ಅದರ ಗುಣ ಬೇರೆ.

ಕೊನೆಗೆ ನಿಂತ ವಿಧಾನ ಇದು. ಒಂದು ಗಟ್ಟಿ ಗುಂಡನ್ನು ಆರಿಸಿಕೊಂಡು ಅದರ ಬಾಲವನ್ನು ಬಿಡಿಸಿಕೊಳ್ಳುವುದು, ಅಂದರೆ ಮೊದಲ ನಲವತ್ತು ಐವತ್ತು ಮಿಲಿಸೆಕೆಂಡಿನಲ್ಲಿ ಅಡುಗೆಮನೆ ತಿರುಗಿಸಿ ಕೊಟ್ಟ ಸದ್ದಿನ ಸಾಲು. ಅದು ಆ ಕೋಣೆಯ ಕೈಬರಹ. ಆಮೇಲೆ ಟೇಪಿನ ಪ್ರತಿ ಢಂ ಎದುರು ಅದನ್ನು ಇಟ್ಟು ಹೋಲಿಸುವುದು. ಅಡುಗೆಮನೆಯಲ್ಲಿ ಹಾರಿದ ಗುಂಡಿಗೆ ಆ ಸಾಲು ಇರುತ್ತದೆ. ಹಾಲಿನಲ್ಲಿ ಬಿದ್ದ ಕುರ್ಚಿಗೆ, ಮೈಕಿಗೆ ತಾಗಿದ ಬೆರಳಿಗೆ ಇರುವುದಿಲ್ಲ. ಮೈಕು ಚಲಿಸಿದಂತೆ ಸಾಲು ನಿಧಾನವಾಗಿ ಜಾರುತ್ತದೆ, ಆ ಜಾರುವಿಕೆಗೆ ಅವಕಾಶ ಬಿಡಬೇಕು. ಹಿಂಗೋಡೆಯಿಂದ ಬಂದದ್ದಕ್ಕೆ ಸಾಲು ಇರುತ್ತದೆ, ಆದರೆ ಮಸುಕಾಗಿ, ಮೇಲಿನ ಫ್ರೀಕ್ವೆನ್ಸಿ ಸವೆದು ಇರುತ್ತದೆ. ಟೇಪಿನ ವೇಗದ ಏರುಪೇರನ್ನು ಮೊದಲೇ ಸರಿ ಮಾಡಿಕೊಳ್ಳದಿದ್ದರೆ ಇದ್ಯಾವುದೂ ನಡೆಯುವುದಿಲ್ಲ. ಅದನ್ನು ಯಾವುದನ್ನು ಆಧಾರ ಇಟ್ಟುಕೊಂಡು ಸರಿ ಮಾಡಿದೆ ಅನ್ನುವುದನ್ನೂ, ಮಸುಕಿಗೆ ಗೆರೆ ಎಲ್ಲಿ ಎಳೆದೆ ಅನ್ನುವುದನ್ನೂ ಇಲ್ಲಿ ಬಿಡಿಸಿ ಹೇಳುವುದಿಲ್ಲ. ಅದಕ್ಕೆ ಎರಡು ಆಷಾಢ ಹೋಗಿದೆ. ಆ ಗೆರೆ ಇದ್ದರೇ ಈ ವಿಧಾನ, ಇಲ್ಲದಿದ್ದರೆ ಮತ್ತೆ ಕಿವಿ ಎಣಿಕೆಯೇ.

ಲಕೋಟೆ ಒಡೆದ ದಿನ ಆ ಇಬ್ಬರು ಸಂಶಯಗಾರರನ್ನೂ ಕರೆದಿದ್ದೆ. ಕೊನೆಯ ಸುತ್ತಿನಲ್ಲಿ ಹದಿನೈದರ ಆಸುಪಾಸು ಕ್ಲಿಪ್ಪು. ಒಂದೇ ಪಿಸ್ತೂಲಿನ ಕ್ಲಿಪ್ಪುಗಳಲ್ಲಿ ಹೆಚ್ಚುಕಡಿಮೆ ಎಲ್ಲ ಸರಿ. ತಪ್ಪಿದ ಕಡೆ ಒಂದು ಕಡಿಮೆ, ಎಲ್ಲೂ ಜಾಸ್ತಿ ಇಲ್ಲ. ಹಿರಿಯರು ತಕ್ಷಣ ಹಿಡಿದರು: "ನಿಮ್ಮ ವಿಧಾನ ಕಡಿಮೆ ಎಣಿಸುತ್ತೆ. ಹಾಗಾದರೆ ಹದಿಮೂರಿದ್ದರೂ ಎಂಟು ಅನ್ನಬಹುದಲ್ಲ?" ಸರಿಯಾದ ಪ್ರಶ್ನೆ. ಅದಕ್ಕೂ ಅಕ್ಕನ ಚೀಟಿಯಲ್ಲೇ ಉತ್ತರ ಇತ್ತು. ಎರಡು ಪಿಸ್ತೂಲು, ಹನ್ನೆರಡು ಹದಿಮೂರು ಗುಂಡು ಇದ್ದ ಕ್ಲಿಪ್ಪುಗಳನ್ನು ಅವಳು ನಡುನಡುವೆ ಸೇರಿಸಿದ್ದಳು. ಹದಿಮೂರರಲ್ಲಿ ನನ್ನ ಎಣಿಕೆ ಹನ್ನೊಂದಕ್ಕಿಂತ ಕೆಳಗೆ ಇಳಿದಿರಲಿಲ್ಲ. ಐದನ್ನು ಕಳೆದುಕೊಳ್ಳುವುದು ಒಂದು ಸಲವೂ ಆಗಲಿಲ್ಲ. ಹಿರಿಯರು ಕನ್ನಡಕ ತೆಗೆದು, "ಬರೆದಿಡಿ ಇದನ್ನ" ಅಂದರು. ಒಟ್ಟು ಖರ್ಚು ಐವತ್ತು ಸಾವಿರದ ಹತ್ತಿರ ಬಂದಿರಬೇಕು. ಆ ಒಂದು ಮಾತಿಗೆ ಅಷ್ಟೂ ವಸೂಲಾಯಿತು.

ಎರಡು ಪಿಸ್ತೂಲು ಬೇರೆ ಬೇರೆ ಮೂಲೆಯಲ್ಲಿದ್ದರೆ ಬಾಲಗಳೂ ಎರಡು ಗುಂಪಾಗಿ ಬೀಳುತ್ತವೆ, ನೋಡಿದ ಕೂಡಲೇ ಗೊತ್ತಾಗುತ್ತದೆ. ಆದರೆ ಇಬ್ಬರು ಮೇಷ್ಟ್ರೂ ಮೂರು ಅಡಿಗಿಂತ ಹತ್ತಿರ ನಿಂತಾಗ ಗುಂಪು ಬೇರೆ ಮಾಡಲು ನನ್ನಿಂದ ಆಗಲಿಲ್ಲ. ಇದು ಮುಖ್ಯ. ಎರಡನೇ ಬಂದೂಕು ಇತ್ತು ಅನ್ನುವವರು ಅದನ್ನು ಕೆನಡಿಯ ಬೆನ್ನ ಹಿಂದೆಯೇ ಇಡುತ್ತಾರೆ, ಅಂದರೆ ಆ ಮೂರು ಅಡಿಯ ಆಸುಪಾಸಿನಲ್ಲೇ. ಹಾಗಾಗಿ ಗುಂಪಿನ ಪರೀಕ್ಷೆ ಅಲ್ಲಿ ಗಟ್ಟಿಯಲ್ಲ. ಎಣಿಕೆಯ ಪರೀಕ್ಷೆ ಮಾತ್ರ ಗಟ್ಟಿ.

ಇಷ್ಟಾದ ಮೇಲೆ ಅಸಲಿ ಟೇಪಿನ ಪ್ರತಿ ತೆರೆದೆ. ನನ್ನ ಹತ್ತಿರ ಇರುವುದು ಕೈಯಿಂದ ಕೈಗೆ ಬಂದ ಡಿಜಿಟಲ್ ಪ್ರತಿ, ಆದರೆ ಒತ್ತಿ ಕಿರಿದು ಮಾಡಿದ್ದಲ್ಲ. ಏಳು ಸದ್ದು ಗಟ್ಟಿಯಾಗಿ ಪಾಸಾದವು. ಎಂಟನೆಯದು ಕಿರುಚಾಟದ ಒಳಗೆ ಹೂತಿದೆ, ಸಾಲಿನ ಅರ್ಧ ಕಾಣುತ್ತದೆ, ಅರ್ಧ ಕಾಣುವುದಿಲ್ಲ. ಉಳಿದವು ಗೆರೆ ದಾಟಲಿಲ್ಲ. ಒಂದೆರಡು ಮಸುಕಾಗಿ ಸಾಲು ತೋರಿಸುತ್ತವೆ, ಹಿಂಗೋಡೆಯಿಂದ ಬಂದವುಗಳ ಹಾಗೆ. ಒಂಬತ್ತನೆಯ ಗುಂಡು ಅಂತ ಕೈ ಎತ್ತಿ ಹೇಳಬಲ್ಲ ಒಂದು ಸದ್ದೂ ನನಗೆ ಸಿಗಲಿಲ್ಲ.

ಡಲ್ಲಾಸ್‌ನಲ್ಲಿ ಆದದ್ದನ್ನು ಕಸುಬಿನವರೆಲ್ಲ ನೆನಪಿಡಬೇಕು. ಜಾನ್ ಕೆನಡಿ ಹತ್ಯೆಯಲ್ಲಿ ಪೊಲೀಸ್ ರೇಡಿಯೋದ ದಾಖಲೆ ನೋಡಿದ ತಜ್ಞರು ನೂರಕ್ಕೆ 95ರಷ್ಟು ಸಾಧ್ಯತೆ, ಇನ್ನೊಬ್ಬ ಹೊಡೆದಿದ್ದಾನೆ ಅಂದರು. ಅಮೆರಿಕದ ಸಂಸತ್ ಸಮಿತಿ 1979ರ ವರದಿಯಲ್ಲಿ ಅದನ್ನೇ ಹಿಡಿಯಿತು. ಒಹಾಯೋದ ಡ್ರಮ್ಮರ್ ಸ್ಟೀವ್ ಬಾರ್ಬರ್ ಆ ದಾಖಲೆಯ ಪ್ರತಿಯನ್ನು ಮತ್ತೆ ಮತ್ತೆ ಕೇಳಿ, ಗುಂಡು ಅಂದ ಜಾಗದಲ್ಲೇ ಇನ್ನೊಂದು ಚಾನೆಲ್ಲಿನ ಮಾತು ಸಣ್ಣಗೆ ಇದೆ ಅಂತ ಗುರುತಿಸಿದ. ಆ ಮಾತು ಆಡಿದ್ದು ಗುಂಡು ಹಾರಿ ಸುಮಾರು ಒಂದು ನಿಮಿಷದ ಮೇಲೆ. 1982ರಲ್ಲಿ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಸಮಿತಿ ಅವನ ಮಾತನ್ನು ಒಪ್ಪಿತು. ಕೇಳುವ ಕಿವಿ ಇದ್ದರೆ ಹುದ್ದೆ ಬೇಕಿಲ್ಲ. ಈ ಕೆಲಸದ ಉದ್ದಕ್ಕೂ ನನಗೆ ಧೈರ್ಯ ಕೊಟ್ಟದ್ದು ಆ ಮನುಷ್ಯ.

ನಮ್ಮಲ್ಲೂ ಇಂಥ ಜಗಳ ಇದೆ. ಗಾಂಧೀಜಿಗೆ ನಾಲ್ಕನೇ ಗುಂಡು ಬಿದ್ದಿತ್ತು, ಗೋಡ್ಸೆಯಲ್ಲದೆ ಇನ್ನೊಬ್ಬ ಹೊಡೆದ ಅಂತ ಸುಪ್ರೀಂ ಕೋರ್ಟಿಗೆ ಹೋದ ಅರ್ಜಿ 2018ರ ಮಾರ್ಚಿನಲ್ಲಿ ವಜಾ ಆಯಿತು. ಅದರಲ್ಲಿ ನನ್ನಂಥವನಿಗೆ ಕೆಲಸ ಇಲ್ಲ, ಎಣಿಸಲು ಟೇಪೇ ಇಲ್ಲ.

ಸಿರ್ಹಾನ್ ಒಬ್ಬನೇನಾ ಅನ್ನುವ ಪ್ರಶ್ನೆಗೆ ನನ್ನ ಟೇಪು ಪೂರ್ತಿ ಉತ್ತರ ಕೊಡುವುದಿಲ್ಲ. ಚುಕ್ಕಿ ಬಟ್ಟೆಯ ಹೆಂಗಸೊಬ್ಬಳು ಅವನ ಜೊತೆ ಇದ್ದಳು ಅಂದ ಸಾಕ್ಷಿಗಳಿದ್ದಾರೆ. ಗುಂಡು ಹಾರಿಸದೆ ಜೊತೆಗಿದ್ದವರ ಸದ್ದು ಟೇಪಿನಲ್ಲಿ ಬರುವುದಿಲ್ಲ. ನೊಗುಚಿಯ ಒಂದು ಇಂಚೂ ಹಾಗೇ ಉಳಿಯುತ್ತದೆ. ಕೆನಡಿ ಆ ಕ್ಷಣ ಕೈಕುಲುಕಲು ಪಕ್ಕಕ್ಕೆ ತಿರುಗಿದ್ದ, ನೂಕುನುಗ್ಗಲಿತ್ತು, ಹಾಗಾಗಿ ಆ ಇಂಚು ಸಿರ್ಹಾನನದೇ ಆಗಿರಬಹುದು ಅಂತ ನನ್ನ ಅನಿಸಿಕೆ. ಅದು ಅನಿಸಿಕೆ, ಅಳತೆಯಲ್ಲ. ಅದೇ ರಾತ್ರಿ ತಲೆಗೆ ಗುಂಡು ತಿಂದ ಪಾಲ್ ಶ್ರೇಡ್ 2016ರಲ್ಲಿ ಪೆರೋಲ್ ಮಂಡಳಿಯ ಮುಂದೆ ಸಿರ್ಹಾನನ ಪರವಾಗಿಯೇ ಮಾತಾಡಿದರು, ಕೆನಡಿಯನ್ನು ಕೊಂದದ್ದು ಇವನಲ್ಲ ಅಂತ. ಅಂಥವರ ಮಾತನ್ನು ನಾನು ಸುಲಭವಾಗಿ ತಳ್ಳಿಹಾಕಲಾರೆ. ಹದಿಮೂರು ಗುಂಡಿನ ವಾದ ಫೆಡರಲ್ ಕೋರ್ಟಿಗೂ ಹೋಗಿತ್ತು, 2015ರಲ್ಲಿ ಅಲ್ಲಿ ನಿಲ್ಲಲಿಲ್ಲ. 2021ರಲ್ಲಿ ಮಂಡಳಿ ಸಿರ್ಹಾನನ ಬಿಡುಗಡೆಗೆ ಶಿಫಾರಸು ಮಾಡಿತು, 2022ರ ಜನವರಿಯಲ್ಲಿ ಗವರ್ನರ್ ತಡೆದರು, 2023ರಲ್ಲಿ ಮಂಡಳಿಯೇ ಬೇಡ ಅಂದಿತು. ಅವನು ಬಿಡುಗಡೆಗೆ ಅರ್ಹನೋ ಅಲ್ಲವೋ ಬೇರೆ ಮಾತು. ಆ ಮಾತಿಗೆ ಹದಿಮೂರು ಗುಂಡನ್ನು ಆಧಾರ ಮಾಡಬೇಡಿ, ಅಷ್ಟೇ ನಾನು ಕೇಳುವುದು.

ಮುಂದಿನ ಕೆಲಸ ಎಂಟನೆಯದು. ಮೂಲ ಟೇಪು ಸ್ಯಾಕ್ರಮೆಂಟೊದಲ್ಲಿದೆ. ಅದರಿಂದ ನೇರವಾಗಿ, ಹೆಡ್ಡಿನ ಕೋನ ಸರಿ ಮಾಡಿ, 96 ಕಿಲೋಹರ್ಟ್ಸ್‌ನಲ್ಲಿ ತೆಗೆದ ಪ್ರತಿ ಸಿಕ್ಕರೆ ಆ ಕಿರುಚಾಟದ ಅಡಿಯಿಂದ ಉಳಿದರ್ಧ ಸಾಲನ್ನು ಎತ್ತಬಹುದು ಅಂತ ನನಗೆ ನಂಬಿಕೆ. ಆ ಕಡೆ ಇರುವ ಕನ್ನಡದವರು ಯಾರಾದರೂ ಅಲ್ಲಿ ವಿಚಾರಿಸಿ ಪ್ರತಿ ಮಾಡಿಸಿಕೊಡುವುದಾದರೆ ಖರ್ಚು ನಾನು ಕೊಡುತ್ತೇನೆ. ನಮ್ಮ ಮಂಟಪದ ಕ್ಲಿಪ್ಪುಗಳು ಬೇಕಾದವರಿಗೆ ಕೊಡುತ್ತೇನೆ. ಲಕೋಟೆಗಳನ್ನು ಮಾತ್ರ ನಿಮ್ಮ ಎಣಿಕೆ ಬರೆದು ಕಳಿಸಿದ ಮೇಲೆಯೇ ಅಕ್ಕ ಒಡೆಯುತ್ತಾಳೆ.